ಎಸ್ಪೋಸಿತೊ ಮನೆತನದ ವಿಚಾರಣೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಯಾವ ವಿಷಯವೇ ಆಗಲಿ, ಕಾಗದದ ಮೇಲೆ ಬರುವವರೆಗೂ ಅದು ನಡೆದಿದೆ ಎಂದು ಒಪ್ಪುವವರಲ್ಲ. ಕಳೆದ ವರ್ಷ ಯುಗಾದಿ ಮುಗಿದ ಮೂರನೆಯ ದಿನ ಬೆಳಿಗ್ಗೆ ಬಸವನಗುಡಿಯ ತಮ್ಮ ಮನೆಗೆ ನನ್ನನ್ನು ಕರೆಸಿಕೊಂಡರು. ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಹರಿದ ಒಂದು ಚೀಟಿ ಕೊಟ್ಟರು. ಅದರಲ್ಲಿ ಇದ್ದದ್ದು ಒಂದೇ ಪದ: ಎಸ್ಪೋಸಿತೊ.

ಅದು ಅವರ ಮಗಳು ಮದುವೆಯಾಗಬೇಕೆಂದಿರುವ ಹುಡುಗನ ಮನೆತನದ ಹೆಸರು. ಹುಡುಗ ಇಟಲಿಯವನು, ನೇಪಲ್ಸ್ ಹತ್ತಿರದ ಊರು. ಪೀಣ್ಯದ ಬಿಸ್ಕತ್ತು ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಯಂತ್ರ ಕೂರಿಸಲು ಬಂದವನು ಎರಡು ವರ್ಷದಿಂದ ಇಲ್ಲೇ ಇದ್ದ. ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅಕ್ಕನ ಮಗಳಿಗೆ ಕೆಲಸ. ಹಬ್ಬದ ದಿನ ಒಬ್ಬಟ್ಟು ತಿಂದು ಮುಗಿದ ಮೇಲೆ ಅವಳು ವಿಷಯ ಹೇಳಿದ್ದಳು.

ಭಾವ ಕೂಗಾಡಿರಲಿಲ್ಲ. ಮಗಳಿಗಾಗಿ ಬಂದ ಸಂಬಂಧಗಳಿಗೆಲ್ಲ ಅವರಲ್ಲಿ ದಾರ ಕಟ್ಟಿದ ಒಂದು ರಟ್ಟಿನ ಫೈಲ್ ಇತ್ತು. ಒಳಗೆ ಜಾತಕ, ಫೋಟೊ, ಯಾರು ಯಾರನ್ನು ಕೇಳಿದ್ದಾಯಿತು, ಏನು ಉತ್ತರ ಬಂತು, ಎಲ್ಲಕ್ಕೂ ಕ್ರಮಸಂಖ್ಯೆ. ಎಸ್ಪೋಸಿತೊಗೂ ಒಂದು ಸಂಖ್ಯೆ ಬಿದ್ದಾಗಿತ್ತು.

“ಮಗಳು ಒಳ್ಳೆಯವನು ಅಂತಾಳೆ. ಇರಬಹುದು. ಒಳ್ಳೆಯವನಾ ಅಂತ ನಾನು ಕೇಳ್ತಿಲ್ಲ. ಯಾರವನು ಅಂತ ಕೇಳ್ತಿದೀನಿ. ವಿಚಾರಿಸಿ ಬರೆದುಕೊಡು,” ಎಂದರು.

ಮದುವೆ ನಿಲ್ಲುವುದಿಲ್ಲ ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂವತ್ತೊಂದು ವರ್ಷದ ಹುಡುಗಿ, ಸಂಪಾದನೆ ಇದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟಿಸು ಕೊಟ್ಟು ಮೂವತ್ತು ದಿನ ಕಾದರೆ ಆಯಿತು. ಉಳಿದ ಪ್ರಶ್ನೆ ಒಂದೇ. ಅಪ್ಪ ಕೂತು ಧಾರೆ ಎರೆದುಕೊಡುತ್ತಾರೋ ಇಲ್ಲವೋ. ಅವರು ಬರುವುದಿಲ್ಲ ಎಂದರೆ ಅಕ್ಕ ಮಗಳ ಜೊತೆ ಹೋಗಬೇಕೋ ಗಂಡನ ಜೊತೆ ಮನೆಯಲ್ಲಿ ಉಳಿಯಬೇಕೋ ಎನ್ನುವುದು ಅದರ ಹಿಂದೆಯೇ ಬರುವ ಪ್ರಶ್ನೆ. ಕಾಫಿ ತಂದುಕೊಟ್ಟ ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಲೋಟ ಬಿಸಿಯಿದೆ, ಅಂಚು ಹಿಡಿದುಕೋ ಎಂದಳು, ಅಷ್ಟೆ.

ಈ ಕೆಲಸಕ್ಕೆ ನನ್ನನ್ನೇ ಹಿಡಿದದ್ದರಲ್ಲಿ ಆಶ್ಚರ್ಯವಿರಲಿಲ್ಲ. ನಾನು ಕನ್ನಡ ದಿನಪತ್ರಿಕೆಯೊಂದರಲ್ಲಿ ವರದಿಗಾರನಾಗಿ ಸೇರಿ, ಕೊನೆಗೆ ಸುದ್ದಿಮನೆಯ ಮೇಜಿನಿಂದ ನಿವೃತ್ತನಾದವನು. ನೆಂಟರಿಷ್ಟರಲ್ಲಿ ಎಲ್ಲಿಯೇ ಸಂಬಂಧ ಕುದುರಲಿ, ಗಂಡಿನ ಮನೆತನ ವಿಚಾರಿಸುವ ಕೆಲಸ ನನಗೆ ಬರುತ್ತಿತ್ತು. ಪತ್ರಿಕೆಯವನು, ಸುಳ್ಳು ಹೇಳುವುದಿಲ್ಲ, ಬಿಟ್ಟು ಹೇಳುವುದೂ ಇಲ್ಲ ಎನ್ನುವ ನಂಬಿಕೆ. ಅದಕ್ಕೊಂದು ಕ್ರಮವನ್ನೂ ಮಾಡಿಕೊಂಡಿದ್ದೆ. ಆ ಮನೆಗೆ ನೇರವಾಗಿ ಹೋಗಬಾರದು. ಬೀದಿಯ ದಿನಸಿ ಅಂಗಡಿ, ಹಾಲಿನ ಬೂತು, ದೇವಸ್ಥಾನದ ಅರ್ಚಕರು, ಈ ಮೂರು ಕಡೆ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಿಟ್ಟಿನ ಗಿರಣಿ. ಗೋಧಿ ಬೀಸಿಸಲು ಡಬ್ಬ ಹಿಡಿದು ನಿಂತವರಿಗೆ ಬೇರೆ ಕೆಲಸ ಇರುವುದಿಲ್ಲ. ಯಂತ್ರದ ಸದ್ದಿಗೆ ಜೋರಾಗಿ ಮಾತಾಡುತ್ತಾರೆ. ಕೇಳಿಸಿಕೊಂಡದ್ದನ್ನು ಇನ್ನೊಂದು ಕಡೆ ತಾಳೆ ನೋಡಿದ ಮೇಲೆಯೇ ಹೇಳುವುದು ನನ್ನ ನಿಯಮ.

ನೇಪಲ್ಸಿನಲ್ಲಿ ನನಗೆ ಗೊತ್ತಿರುವ ಹಿಟ್ಟಿನ ಗಿರಣಿ ಇರಲಿಲ್ಲ. ಹನುಮಂತನಗರದ ನನ್ನ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಹೆಸರಿನ ವಿಷಯ ಅರ್ಧ ಗಂಟೆಯಲ್ಲಿ ಸಿಕ್ಕಿತು. ಸಿಕ್ಕಿದ ಮೇಲೆ ಕುರ್ಚಿಯಲ್ಲಿ ಕೂರಲಾಗದೆ ಎದ್ದು, ಮಹಡಿಗೆ ಹೋಗಿ, ಒಣಗದ ಬಟ್ಟೆ ಮುಟ್ಟಿ ನೋಡಿ, ಮತ್ತೆ ಕೆಳಗೆ ಬಂದೆ.

ಆ ಹೆಸರಿನ ಮೂಲ ಲ್ಯಾಟಿನ್. ಅರ್ಥ: ಹೊರಗೆ ಇಡಲ್ಪಟ್ಟದ್ದು. ಬಿಟ್ಟುಹೋದ ಮಗು. ನೇಪಲ್ಸಿನಲ್ಲಿ ಚರ್ಚಿಗೆ ಸೇರಿದ ಒಂದು ದೊಡ್ಡ ಅನಾಥಾಲಯವಿತ್ತು. ಅದರ ಬೀದಿಬದಿಯ ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯಲ್ಲಿ ತಿರುಗುವ ಮರದ ಪೆಟ್ಟಿಗೆ. ಹೊರಗೆ ನಿಂತವಳು ಕೂಸನ್ನು ಪೆಟ್ಟಿಗೆಯೊಳಗಿಟ್ಟು ತಿರುಗಿಸಿದರೆ ಕೂಸು ಗೋಡೆಯ ಒಳಗೆ ಹೋಗುತ್ತಿತ್ತು. ಇಟ್ಟವಳ ಮುಖ ಒಳಗಿನವರಿಗೆ ಕಾಣುತ್ತಿರಲಿಲ್ಲ, ಎತ್ತಿಕೊಂಡವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಹಾಗೆ ಬಂದ ಕೂಸುಗಳಿಗೆಲ್ಲ ದಾಖಲೆಯಲ್ಲಿ ಇಟ್ಟ ಮನೆತನದ ಹೆಸರು ಎಸ್ಪೋಸಿತೊ. ಹುಟ್ಟಿನ ಗುರುತು ಜೀವಮಾನವೆಲ್ಲ ಹೆಸರಿಗೆ ಅಂಟಿಕೊಳ್ಳುತ್ತದೆಂದು ಸುಮಾರು ಇನ್ನೂರು ವರ್ಷಗಳ ಹಿಂದೆ ಅಲ್ಲಿನ ಸರ್ಕಾರ ಹೊಸ ಕೂಸುಗಳಿಗೆ ಆ ಹೆಸರಿಡುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಹಳೆಯವರಿಗೆ ಮಕ್ಕಳು, ಮೊಮ್ಮಕ್ಕಳು. ಈಗ ನೇಪಲ್ಸಿನ ಸುತ್ತ ಅದಕ್ಕಿಂತ ಸಾಮಾನ್ಯವಾದ ಹೆಸರು ಇನ್ನೊಂದಿಲ್ಲ. ಇಡೀ ಇಟಲಿಯಲ್ಲೂ ಬಹಳ ಜನಕ್ಕಿರುವ ಹೆಸರುಗಳ ಪಟ್ಟಿಯಲ್ಲಿ ಮೇಲುಗಡೆಯೇ ಬರುತ್ತದೆ.

ಒಂದೇ ಕಡೆ ಓದಿದ್ದನ್ನು ನಂಬುವ ಹಾಗಿಲ್ಲವೆಂದು ಇಟಾಲಿಯನ್ ಕಲಿಸುವ ಒಬ್ಬ ಮೇಷ್ಟ್ರನ್ನು ಹುಡುಕಿ ಫೋನ್ ಮಾಡಿದೆ. ಹೌದು, ಹಾಗೆಯೇ ಎಂದರು. ಇಟಲಿಯಲ್ಲಿ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ, ನಿಮಗ್ಯಾಕೆ ಬೇಕಾಯ್ತು ಎಂದು ಕೇಳಿದರು. ಒಂದು ಲೇಖನಕ್ಕೆ ಎಂದೆ.

ಹುಡುಗನನ್ನು ನೋಡಿದ್ದು ಆ ವಾರ, ಗಾಂಧಿ ಬಜಾರಿನ ಒಂದು ಹೋಟೆಲಿನಲ್ಲಿ. ಅಕ್ಕನ ಮಗಳೇ ಕರೆದುಕೊಂಡು ಬಂದಳು. ಗುಂಗುರು ಕೂದಲು, ಬಿಸಿಲಿಗೆ ಕೆಂಪಾದ ಮೂಗು, ಬೆರಳುಗಳಲ್ಲಿ ತೊಳೆದರೂ ಹೋಗದ ಗ್ರೀಸಿನ ಗೆರೆ. ಕಾರ್ಖಾನೆಯ ಕೆಲಸಗಾರರಿಂದ ಕನ್ನಡ ಕಲಿತಿದ್ದನಾದ್ದರಿಂದ ಮಾಣಿಯನ್ನೂ ಗುರು ಎಂದ, ನನ್ನನ್ನೂ ಗುರು ಎಂದ. ಅವಳು ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ಮೇಜು ಅಲ್ಲಾಡಿದ್ದರಿಂದ ತಿಳಿಯಿತು.

ಉಳಿದ ಮಾತು ಇಂಗ್ಲಿಷಿನಲ್ಲಿ ನಡೆಯಿತು. ಹೆಸರಿನ ವಿಷಯ ನಾನೇ ತೆಗೆದೆ. ಅವನಿಗೆ ಮುಜುಗರವಾಗಲಿಲ್ಲ. ಶಾಲೆಯಲ್ಲಿ ಅವನ ತರಗತಿಯಲ್ಲಿ ಐದು ಜನ ಎಸ್ಪೋಸಿತೊಗಳಿದ್ದರಂತೆ. ಮೇಷ್ಟ್ರು ಅಪ್ಪಂದಿರ ಕಸುಬು ಹಿಡಿದು ಕೂಗುತ್ತಿದ್ದರಂತೆ: ಬ್ರೆಡ್ಡಿನ ಎಸ್ಪೋಸಿತೊ, ಮೀನಿನ ಎಸ್ಪೋಸಿತೊ. ಇವನ ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದವರು, ತೀರಿಕೊಂಡು ಆರು ವರ್ಷ. ಅಮ್ಮ ಇದ್ದಾರೆ. ಅರ್ಥ ಗೊತ್ತೇ ಎಂದೆ. ಎಲ್ಲರಿಗೂ ಗೊತ್ತು ಎಂದ. ಆ ಮೊದಲ ಕೂಸು ಯಾರು, ಎಷ್ಟು ತಲೆಮಾರಿನ ಹಿಂದೆ? ಗೊತ್ತಿಲ್ಲ, ಯಾರೂ ಹುಡುಕಲಿಲ್ಲ. ಅವನ ಅಜ್ಜಿ ಮಾತ್ರ ಒಂದು ಮಾತು ಹೇಳುತ್ತಿದ್ದಳಂತೆ, ಎಸೆದಿಲ್ಲವಲ್ಲ, ಎತ್ತಿಕೊಳ್ಳುವ ಜಾಗದಲ್ಲಿ ಇಟ್ಟಳಲ್ಲ ಎಂದು. ಆಮೇಲೆ ಅವನು ನನ್ನ ಹೆಸರಿನ ಹಿಂದಿನ ಅಕ್ಷರಗಳ ಬಗ್ಗೆ ಕೇಳಿದ. ಒಂದು ಅಪ್ಪನ ಹೆಸರಿನದು, ಇನ್ನೊಂದು ಒಂದು ರಾತ್ರಿಯೂ ನಾನು ಉಳಿಯದ ಒಂದು ಊರಿನದು ಎಂದೆ. ಅವನು ತಲೆಯಾಡಿಸಿ ಇನ್ನೊಂದು ಖಾಲಿ ದೋಸೆ ಹೇಳಿದ.

ಒಳ್ಳೆಯ ಹುಡುಗ. ಅದರಿಂದ ನನ್ನ ಕೆಲಸ ಹಗುರವಾಗಲಿಲ್ಲ.

ಭಾವನಿಗೆ ವರದಿ ಬರೆಯಲು ಕೂತೆ. ಮೊದಲ ಕರಡಿನಲ್ಲಿ ಎಲ್ಲ ಇತ್ತು: ಹೆಸರಿನ ಮೂಲ, ಅರ್ಥ, ಎಷ್ಟು ಜನಕ್ಕಿದೆ ಎನ್ನುವುದು. ಓದಿ ಹರಿದು ಹಾಕಿದೆ. ಎರಡನೆಯದರಲ್ಲಿ ಅನಾಥಾಲಯದ ವಿಷಯ ಕೊನೆಯ ಪ್ಯಾರಾಕ್ಕೆ ಇಳಿಯಿತು. ಮೂರನೆಯದರಲ್ಲಿ ಅದು ಇರಲೇ ಇಲ್ಲ. ನೇಪಲ್ಸ್ ಪ್ರಾಂತ್ಯದ ಅತ್ಯಂತ ಸಾಮಾನ್ಯ ಮನೆತನದ ಹೆಸರು, ಲ್ಯಾಟಿನ್ ಮೂಲದ್ದು, ಹಲವು ಶತಮಾನಗಳಷ್ಟು ಹಳೆಯದು. ಪ್ರತಿ ವಾಕ್ಯವೂ ಸತ್ಯ. ಇಂಥ ಸುದ್ದಿಯನ್ನು ನಾನು ಮೇಜಿನ ಮೇಲೆ ಕಂಡಾಗಲೆಲ್ಲ ಬರೆದವನನ್ನು ಕರೆಸಿ, ಏನು ಬಿಟ್ಟಿದ್ದೀಯ ಎಂದು ಕೇಳಿದವನು.

ಕೈ ಹಿಂಜರಿಯಲು ಕಾರಣವಿತ್ತು. ನಾನು ಮೊಟ್ಟಮೊದಲು ವಿಚಾರಿಸಿದ ಸಂಬಂಧ ಅಕ್ಕನದೇ. ಆಗ ನಮ್ಮದು ಚಾಮರಾಜಪೇಟೆಯ ಮನೆ, ನಾನು ಪತ್ರಿಕೆಗೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಹುಡುಗ ಮಲ್ಲೇಶ್ವರದವನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ. ಅವನು ಆ ಮನೆಯವರ ಸ್ವಂತ ಮಗನಲ್ಲ, ಅನಾಥಾಲಯದಿಂದ ತಂದು ಸಾಕಿದವನು ಎನ್ನುವುದು ಅಲ್ಲಿನ ಹಿಟ್ಟಿನ ಗಿರಣಿಯಲ್ಲಿ ನನಗೆ ತಿಳಿಯಿತು. ಹಾಲಿನವನ ಹತ್ತಿರ ತಾಳೆ ನೋಡಿದೆ. ಸಂಜೆ ನಡುಮನೆಯಲ್ಲಿ ಅಪ್ಪ, ದೊಡ್ಡಪ್ಪ, ಇಬ್ಬರು ಸೋದರತ್ತೆಯರು ಕೂತಿದ್ದಾಗ ನೋಟ್‌ಬುಕ್ ತೆಗೆದು, ಸಭೆಯ ವರದಿ ಓದಿದ ಹಾಗೆ ಓದಿದೆ. ಪತ್ರಿಕೆಯವನು ಅಂದ್ರೆ ಹೀಗಿರಬೇಕು ಎಂದರು ದೊಡ್ಡಪ್ಪ. ಅಪ್ಪ, ಸರಿ, ನೋಡೋಣ ಎಂದು ಎದ್ದು ಹೋದರು. ಆ ವಾರವೇ ಜಾತಕ ಕೂಡುವುದಿಲ್ಲ ಎಂದು ಮಲ್ಲೇಶ್ವರಕ್ಕೆ ಹೇಳಿಕಳಿಸಿದ್ದಾಯಿತು. ಎರಡು ವರ್ಷದ ಮೇಲೆ ಅಕ್ಕ ಭಾವನನ್ನು ಮದುವೆಯಾಗಿ ಬಸವನಗುಡಿಗೆ ಹೋದಳು. ಆ ವಿಷಯವನ್ನು ಅವಳು ನನ್ನ ಹತ್ತಿರ ಒಮ್ಮೆಯೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ಮೂರನೆಯ ಕರಡನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದೆ. ಬಸವನಗುಡಿಯ ಬಸ್ಸು ಹತ್ತಿ ಎರಡು ಸಲ ಮುಂದಿನ ಸ್ಟಾಪಿನಲ್ಲಿ ಇಳಿದೆ. ಐದನೆಯ ದಿನ ಹೋದಾಗ ಭಾವ ಬ್ಯಾಂಕಿಗೆ ಹೋಗಿದ್ದರು. ಅಕ್ಕ ಊಟದ ಮೇಜಿನ ಮೇಲೆ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಬರೆದುಕೊಂಡು ಬಂದೆಯಾ, ಕೊಡು ಎಂದಳು. ಕೈ ಒರೆಸಿಕೊಂಡು ಕನ್ನಡಕ ಹಾಕಿ ಓದಿದಳು. ಅರ್ಧ ಹಾಳೆ, ಓದಲು ಎಷ್ಟು ಹೊತ್ತು ಬೇಕು? ಆದರೆ ಅವಳು ಎರಡು ಸಲ ಓದಿದಳು.

“ಹೆಸರು ಹಳೇದು ಅಂತ ಬರೆದಿದೀಯ. ಎಷ್ಟು ಜನಕ್ಕಿದೆ ಅಂತ ಬರೆದಿದೀಯ. ಅರ್ಥ ಏನು ಅಂತ ಬರೆದಿಲ್ವಲ್ಲೋ.”

ಹೇಳಿದೆ. ಗೋಡೆ, ಕಿಂಡಿ, ಪೆಟ್ಟಿಗೆ, ಎಲ್ಲ. ಅವಳು ಕೇಳುತ್ತ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ನಾರುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

“ಮಲ್ಲೇಶ್ವರದವರದ್ದು ನೆನಪಿದ್ಯಾ ನಿನಗೆ?” ಎಂದಳು.

ನೆನಪಿದೆ ಎಂದೆ.

“ಅವರು ಮೊದಲೇ ಹೇಳಿದ್ರು. ಹುಡುಗನ ತಾಯಿ ನಮ್ಮನೆಗೆ ಬಂದು ಅಪ್ಪನ ಹತ್ರ ಎಲ್ಲಾ ಹೇಳಿಯೇ ಮಾತು ಮುಂದುವರಿಸಿದ್ದು. ಅಪ್ಪ ನನ್ನ ಕೇಳಿದ್ರು. ನಾನು ಆಗಲಿ ಅಂದಿದ್ದೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಹಾಗಿದ್ದರೆ ಅಪ್ಪ ನನ್ನನ್ನು ವಿಚಾರಿಸಲು ಕಳಿಸಿದ್ದೇಕೆ ಎಂದು ಕೇಳಿದೆ. ಅಪ್ಪ ಕಳಿಸಲಿಲ್ಲ, ನೀನೇ ಹೋಗ್ತೀನಿ ಅಂತ ಹೊರಟೆ ಎಂದಳು. ಯೋಚಿಸಿ ನೋಡಿದರೆ ಅದು ನಿಜ. ಹೊಸದಾಗಿ ಕೆಲಸಕ್ಕೆ ಸೇರಿದ ಹುರುಪು. ಬೇಡ ಎಂದರೆ ಅನುಮಾನ ಬರುತ್ತದೆಂದು ಅಪ್ಪ ಸುಮ್ಮನಾಗಿರಬೇಕು.

“ನೀನು ಹೇಳಿದ್ದು ತಪ್ಪಲ್ಲ. ಅಪ್ಪನ ಒಬ್ಬರನ್ನೇ ಕರೆದು ಹೇಳಿದ್ರೆ, ಗೊತ್ತು ಬಿಡು ಅಂತಿದ್ರು, ಮುಗೀತಿತ್ತು. ದೊಡ್ಡಪ್ಪನ ಮುಂದೆ, ಅತ್ತೆಯರ ಮುಂದೆ ಓದಿದೆಯಲ್ಲ. ಆಮೇಲೆ ಅವರು ಏನು ಮಾಡೋಕಾಗ್ತಿತ್ತು ಹೇಳು.”

ಅವಳ ದನಿಯಲ್ಲಿ ಬೇಸರ ಕಾಣಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ನೀನೇನು ಮಾಡ್ತಿದ್ದೆ ಎಂದಳು. ಆ ಹುಡುಗನನ್ನು ಅವಳು ಒಮ್ಮೆಯಾದರೂ ನೋಡಿದ್ದಳೋ, ಮಾತಾಡಿದ್ದಳೋ, ಅದನ್ನು ಕೇಳಬೇಕೆಂದು ಬಾಯಿಗೆ ಬಂತು. ಜೀವಮಾನವೆಲ್ಲ ಪ್ರಶ್ನೆ ಕೇಳಿಯೇ ಸಂಬಳ ತೆಗೆದುಕೊಂಡವನಿಗೆ ಅದೊಂದನ್ನು ಕೇಳಲಾಗಲಿಲ್ಲ.

ಅವಳು ನನ್ನ ಹಾಳೆಯನ್ನು ಮಡಚಿ ವಾಪಸ್ ಕೊಟ್ಟಳು. “ಇದನ್ನ ಕೊಡಬೇಡ. ಆಮೇಲೆ ಬೇರೆ ಕಡೆಯಿಂದ ಗೊತ್ತಾದ್ರೆ ಮಗಳು ಮುಚ್ಚಿಟ್ಟಳು ಅಂತಾರೆ. ಅವರೊಬ್ಬರಿಗೇ ಹೇಳು. ಆದ್ರೆ ಹೇಳು.”

ಮರುದಿನ ಬೆಳಿಗ್ಗೆ ಭಾವ ವಾಕಿಂಗ್ ಹೋಗುವ ಉದ್ಯಾನದಲ್ಲಿ ಅವರನ್ನು ಹಿಡಿದೆ. ಮೂರು ಸುತ್ತು ಹಾಕುವುದು ಅವರ ಕ್ರಮ. ಮೊದಲ ಸುತ್ತಿನಲ್ಲಿ ಬೀದಿ ಅಗೆದು ಬಿಟ್ಟುಹೋದವರ ವಿಷಯ ಮಾತಾಡಿದೆವು. ಎರಡನೆಯ ಸುತ್ತಿನಲ್ಲಿ ಎಲ್ಲ ಹೇಳಿದೆ. ಅವರು ನಡಿಗೆ ನಿಧಾನ ಮಾಡಲಿಲ್ಲ. ನಾನು ನಿರೀಕ್ಷಿಸಿದ ಮಾತು ಒಂದೂ ಬರಲಿಲ್ಲ.

“ಅಂದ್ರೆ ಮೂಲಪುರುಷ ಯಾರು ಅಂತ ದಾಖಲೆ ಇಲ್ಲ,” ಎಂದರು.

ಇಲ್ಲ ಎಂದೆ.

“ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳೋದು ಪದ್ಧತಿ.”

ಹೌದು ಎಂದೆ.

“ನಮ್ಮದೂ ಕಾಶ್ಯಪವೇ.”

ಆಗ ನಿಂತರು. ಮುಖದಲ್ಲಿ ಕಂಡದ್ದು ಕೋಪವಲ್ಲ, ನಕ್ಷೆಯಲ್ಲಿ ಎರಡು ಜಮೀನಿನ ಗಡಿ ಒಂದರ ಮೇಲೊಂದು ಬಿದ್ದರೆ ಸರ್ವೆಯವರಿಗೆ ಆಗುವ ಚಿಂತೆ. ಒಂದೇ ಗೋತ್ರವೆಂದರೆ ಅಣ್ಣತಂಗಿ. ಯಾವುದೋ ಸಮುದ್ರದಾಚೆಯ ಹುಡುಗ, ಮನೆತನ ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ಅವರ ಮಗಳಿಗೆ ಅಣ್ಣನಾಗಿಬಿಟ್ಟಿದ್ದ. ನಾನು ನಗಲಿಲ್ಲ. ಅವರು ಮೂರನೆಯ ಸುತ್ತು ಹಾಕದೆ ಮನೆಗೆ ಹೋದರು.

ಆಮೇಲೆ ಹನ್ನೊಂದು ದಿನ ಸುದ್ದಿಯಿಲ್ಲ. ನೋಟಿಸು ಕೊಟ್ಟಾಗಿತ್ತು, ಕಚೇರಿಯ ಫಲಕದಲ್ಲಿ ಇಬ್ಬರ ಹೆಸರೂ ಅಂಟಿಸಿದ್ದರು. ಪೀಣ್ಯದ ಕಡೆ ಕೋಣೆ ಮಾಡಿಕೊಂಡಿದ್ದ ಅಕ್ಕನ ಮಗಳು ದಿನಕ್ಕೊಂದು ಸಲ ಫೋನ್ ಮಾಡುತ್ತಿದ್ದಳು. ಅಪ್ಪ ಏನಾದ್ರೂ ಅಂದ್ರಾ ಮಾವ? ಇಲ್ಲಮ್ಮ. ಅವರು ಫೈಲ್ ಮುಚ್ಚಿಲ್ಲವಂತೆ, ಅಮ್ಮ ನೋಡಿದಳಂತೆ, ಮೇಜಿನ ಮೇಲೆಯೇ ಇದೆಯಂತೆ. ಅಷ್ಟನ್ನೇ ಹಿಡಿದು ಇಬ್ಬರೂ ಹತ್ತು ನಿಮಿಷ ಮಾತಾಡುತ್ತಿದ್ದೆವು. ಮನೆಯಲ್ಲಿ ನಾನು ಪತ್ರಿಕೆಯ ಒಂದೇ ಪುಟವನ್ನು ಹಿಡಿದು ಕೂರುತ್ತಿದ್ದುದನ್ನು ನೋಡಿ ನನ್ನ ಹೆಂಡತಿ, ಅದನ್ನು ನಿನ್ನೆ ಓದಿದಿರಿ, ಇವತ್ತಿನದು ಗೇಟಿನ ಹತ್ತಿರವೇ ಬಿದ್ದಿದೆ ಎಂದಳು.

ಹನ್ನೆರಡನೆಯ ದಿನ ಭಾವ ನಮ್ಮ ಮನೆಗೇ ಬಂದರು. ಫೈಲ್ ಕಂಕುಳಲ್ಲಿತ್ತು. ಅವರು ಚಾಮರಾಜಪೇಟೆಯ ತಮ್ಮ ಪುರೋಹಿತರನ್ನು ಮೂರು ಸಲ ಕಂಡು ಬಂದಿದ್ದರು. ಇದೇನೂ ಹೊಸದಲ್ಲ ಎಂದಿದ್ದರಂತೆ ಪುರೋಹಿತರು. ಬೇರೆ ಗೋತ್ರದ ದಂಪತಿ ಹುಡುಗನನ್ನು ಶಾಸ್ತ್ರಕ್ಕೆ ಮಗನೆಂದು ತೆಗೆದುಕೊಳ್ಳಬೇಕು, ಆಗ ಅವರ ಗೋತ್ರ ಅವನಿಗೆ ಬರುತ್ತದೆ, ಆಮೇಲೆ ಧಾರೆ. ಕಾನೂನಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಯಾರೋ ದಾರಿಹೋಕರನ್ನು ತಂದು ಕೂರಿಸುವುದು ಪುರೋಹಿತರಿಗೆ ಒಪ್ಪಿಗೆಯಿಲ್ಲ. ಹುಡುಗಿಗೆ ವಾವೆ ಕೂಡಬೇಕು, ಸೋದರಮಾವನ ಮಗನಾದರೆ ಅದಕ್ಕಿಂತ ಸರಿಯಾದ ವರ ಯಾರು ಎಂದು ಅವರೇ ಹೇಳಿದರಂತೆ.

“ನಿನ್ನದು ವಾಸಿಷ್ಠ ಗೋತ್ರ. ಮಕ್ಕಳಿಲ್ಲ. ನೀನು ಅವನನ್ನ ಮಗ ಅಂತ ತಗೊಂಡ್ರೆ ನಾನು ಧಾರೆ ಎರೀತೀನಿ,” ಎಂದರು ಭಾವ.

ನಾನು ಯೋಚಿಸಲು ಸಮಯ ಬೇಕು ಎಂದೆ. ಆ ಮಾತು ಯಾಕೆ ಬಂತೋ, ಈಗಲೂ ಸರಿಯಾಗಿ ಹೇಳಲಾರೆ. ಮದುವೆಮನೆಗಳಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂರುವವನು. ಒಬ್ಬನ ಅನಾಥತನವನ್ನು ನಡುಮನೆಯಲ್ಲಿ ಓದಿ ಹೇಳಿದ ನಾಲಿಗೆಯಲ್ಲೇ ಇನ್ನೊಬ್ಬನನ್ನು ಮಗ ಎನ್ನಬೇಕು. ಅದು ಇಷ್ಟು ಸುಲಭವಾಗಿ ಆಗಬಾರದು ಎಂದು ಅನ್ನಿಸಿರಬೇಕು.

ಭಾವ ಫೈಲಿನ ದಾರ ಕಟ್ಟುತ್ತ ನನ್ನ ಕಡೆ ನೋಡದೆ ಹೇಳಿದರು. “ಹಿಟ್ಟಿನ ಗಿರಣೀಲಿ ನಿಂತು ಬೇರೆಯವರ ವಿಷಯ ಕೇಳೋಕೆ ನಿನಗೆ ಸಮಯ ಬೇಕಾಗಿರಲಿಲ್ಲ.”

ಅಂದರೆ ಅವರಿಗೆ ಮಲ್ಲೇಶ್ವರದ ಸಂಬಂಧದ ವಿಷಯ ಗೊತ್ತಿತ್ತು. ಅಕ್ಕ ಹೇಳಿದ್ದಾಳೆ, ಯಾವಾಗಲೋ, ಬಹುಶಃ ಮದುವೆಯಾದ ಹೊಸತರಲ್ಲೇ. ಅಷ್ಟು ವರ್ಷ ಅವರೂ ನನ್ನ ಜೊತೆ ಉದ್ಯಾನದಲ್ಲಿ ಸುತ್ತು ಹಾಕುತ್ತ ಬೀದಿ ಅಗೆಯುವವರ ವಿಷಯವನ್ನೇ ಮಾತಾಡಿದ್ದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಈಚೆ ಬಂದಳು. “ಇದ್ರಲ್ಲಿ ಯೋಚ್ನೆ ಏನ್ರೀ. ಮೂವತ್ಮೂರು ವರ್ಷದ ಮಗ. ಹಲ್ಲು ಬಂದಿದೆ, ಓದು ಮುಗಿದಿದೆ, ಕೆಲಸ ಇದೆ. ಭಾವ, ನೀವು ಪುರೋಹಿತರಿಗೆ ಹೂಂ ಅಂದ್ಬಿಡಿ.”

ಭಾವ ಹೂಂ ಎನ್ನಲಿಲ್ಲ, ನನ್ನ ಮುಖ ನೋಡಿದರು. ಬರೆದುಕೊಡಬೇಕೇ ಎಂದು ಕೇಳಿದೆ. ಬೇಡ, ಬಾಯಲ್ಲಿ ಹೇಳು ಎಂದರು. ಆಗಲಿ ಎಂದೆ.

ಅಕ್ಕನ ಮಗಳಿಗೆ ವಿಷಯ ಮುಟ್ಟಿದಾಗ ಅವಳು ನಕ್ಕಳು. ಹೇಗೂ ನಿಮ್ಮನ್ನ ಮಾವ ಅಂತಾನೇ ಕರೀತಿದ್ದೆ, ಅದೊಂದು ಬದಲಾಗಲ್ಲ ಬಿಡಿ ಎಂದಳು. ಹುಡುಗನ ಒಪ್ಪಿಗೆ ಅರ್ಧ ದಿನದಲ್ಲಿ ಬಂತು. ಅವನ ಅಮ್ಮನದು ಬರಲು ವಾರವಾಯಿತು. ಆಕೆಗೆ ಏನು ಹೇಳಿದ, ಹೇಗೆ ಹೇಳಿದ, ನನಗೆ ತಿಳಿಯದು. ಆಕೆ ಬರುತ್ತಾರಂತೆ, ಆದರೆ ಮಗನನ್ನು ಕೊಡುವ ಶಾಸ್ತ್ರ ಏನೆಂದು ಮೊದಲೇ ತಿಳಿಯಬೇಕಂತೆ ಎಂದಷ್ಟೇ ಸುದ್ದಿ. ಪುರೋಹಿತರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಾನು ಇಂಗ್ಲಿಷಿಗೆ ಮಾಡಿದೆ, ಹುಡುಗ ಇಟಾಲಿಯನ್ನಿಗೆ ಮಾಡಿದ. ನಾನು ಮಾಡಿದ ಅನುವಾದದಲ್ಲಿ ಒಂದು ಪದವನ್ನೂ ಬಿಡಲಿಲ್ಲ.

ಮದುವೆ ಹನುಮಂತನಗರದ ಒಂದು ಸಣ್ಣ ಛತ್ರದಲ್ಲಿ. ರಿಜಿಸ್ಟ್ರಾರ್ ಕಚೇರಿಯ ಸಹಿ ಹಿಂದಿನ ದಿನವೇ ಮುಗಿದಿತ್ತು, ಅದಕ್ಕೆ ಭಾವ ಬಂದಿರಲಿಲ್ಲ. ಛತ್ರಕ್ಕೂ ಮಾವಿನೆಲೆಯ ತೋರಣ ಕಟ್ಟಿ ಮುಗಿದ ಮೇಲೆಯೇ ಬಂದರು, ಫೈಲ್ ಇರಲಿಲ್ಲ. ರೇಷ್ಮೆ ಪಂಚೆಯಲ್ಲಿ ಒಂದು ಕಡೆ ನಿಂತು, ತಮ್ಮ ಕೆಲಸದ ಸರದಿ ಬರಲಿ ಎನ್ನುವಂತೆ ಗಡಿಯಾರ ನೋಡುತ್ತಿದ್ದರು. ಮುಹೂರ್ತಕ್ಕೆ ನಲವತ್ತು ನಿಮಿಷವಿತ್ತು. ನಮ್ಮ ಶಾಸ್ತ್ರ ಅದಕ್ಕೆ ಮೊದಲು ಮುಗಿಯಬೇಕು.

ಹುಡುಗನ ಅಮ್ಮ ಕುಳ್ಳಗಿನ ಹೆಂಗಸು, ಅರವತ್ತು ದಾಟಿದ್ದಾರೆ. ಅಕ್ಕ ಉಡಿಸಿದ ಸೀರೆ ಜಾರದಿರಲೆಂದು ಎಡಗೈಯಲ್ಲಿ ಸೆರಗನ್ನು ಗಟ್ಟಿಯಾಗಿ ಹಿಡಿದಿದ್ದರು. ಪುರೋಹಿತರು ಒಂದು ಕಡೆ ಅವರನ್ನು ನಿಲ್ಲಿಸಿ, ಎದುರಿಗೆ ನನ್ನನ್ನೂ ನನ್ನ ಹೆಂಡತಿಯನ್ನೂ ನಿಲ್ಲಿಸಿದರು. ನಡುವೆ ಮಗ. ವಾಲಗದವರು ಊದುವುದನ್ನು ನಿಲ್ಲಿಸಿದರು. ಮಾತಾಡುತ್ತಿದ್ದ ಜನವೂ ಏನಾಗುತ್ತಿದೆ ಎಂದು ಇತ್ತ ತಿರುಗಿತು. ನನ್ನ ಅಪ್ಪನ, ತಾತನ ಹೆಸರನ್ನು ಪುರೋಹಿತರು ಕೇಳಿದರು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ಅಕ್ಕ ಮಂಟಪದ ಕಂಬದ ಪಕ್ಕ ನಿಂತಿದ್ದಳು. ಅವಳ ಕಡೆ ನೋಡುವುದು ನನ್ನಿಂದಾಗಲಿಲ್ಲ.

ಈಗ ಕೈ ಕೊಡಿ ಎಂದರು ಪುರೋಹಿತರು. ಆಕೆ ಮಗನ ಬಲಗೈ ಎತ್ತಿ ನನ್ನ ಕೈಯಲ್ಲಿಟ್ಟರು. ಇಟ್ಟವರು ಬಿಡಲಿಲ್ಲ. ಮೂರು ಕೈಗಳು ಹಾಗೆಯೇ ನಿಂತವು. ಪುರೋಹಿತರು ಮಂತ್ರ ಮುಗಿಸಿ, ಬಿಡಬೇಕು ಎಂದು ಕಣ್ಣಲ್ಲಿ ಸೂಚಿಸಿದರು. ಆಕೆ ಮಗನ ಕಡೆ ನೋಡದೆ ನನ್ನನ್ನೇ ನೋಡುತ್ತ ಏನೋ ಕೇಳಿದರು. ಚಿಕ್ಕ ಪ್ರಶ್ನೆ. ಏನಂತೆ ಎಂದು ನನ್ನ ಹೆಂಡತಿ ಕೇಳಿದಳು.

ಹುಡುಗ ಕನ್ನಡದಲ್ಲೇ ಹೇಳಿದ. “ವಾಪಸ್ ಯಾವಾಗ ಕೊಡ್ತೀರಿ ಅಂತ.”

ಪುರೋಹಿತರು ನನ್ನ ಕಡೆ ನೋಡಿದರು. ಅದಕ್ಕೆ ಅವರಲ್ಲಿ ಮಂತ್ರವಿರಲಿಲ್ಲ. ಆಕೆಯ ಬೆರಳುಗಳು ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಗಿಯೇ ಇದ್ದವು. ಮುಹೂರ್ತದ ನಿಮಿಷಗಳು ಹೋಗುತ್ತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಭಾವನ ದನಿ ಬಂತು.

“ಊಟ ಆದ್ಮೇಲೆ ಅಂತ ಹೇಳು ಮಾರಾಯ. ಅಲ್ಲೀವರೆಗೆ ಇವನತ್ರ ಇರಲಿ.”

ಹುಡುಗ ಅದನ್ನು ಅಮ್ಮನಿಗೆ ಹೇಳಿದ. ಆಕೆ ಭಾವನ ಕಡೆ ತಿರುಗಿ, ನಿಜವೇ ಎನ್ನುವ ಹಾಗೆ ನೋಡಿದರು. ಭಾವ ತಲೆಯಾಡಿಸಿದರು. ಆಕೆ ಕೈ ಬಿಟ್ಟರು. ಭಾವ ಪಂಚೆಯ ಅಂಚು ಸರಿಮಾಡಿಕೊಂಡು ಹೋಗಿ ಧಾರೆಗೆ ಹಾಕಿದ್ದ ಮಣೆಯ ಮೇಲೆ ಕೂತರು. ಅಕ್ಕ ಅವರ ಪಕ್ಕ ಕೂತಳು. ನಾನು ಇನ್ನೂ ಹುಡುಗನ ಕೈ ಹಿಡಿದೇ ನಿಂತಿದ್ದೆ. ಮಗನನ್ನು ಕರೆದುಕೊಂಡು ಬನ್ನಿ, ಹೊತ್ತಾಯಿತು ಎಂದರು ಪುರೋಹಿತರು.